ಹೊಳೆ ದಾಟುವ ಮುನ್ನ ಚಹಾ ಬೇಡ

ಒಂದೇ ಒಂದು ಹಾಳೆ ಬರೆದುಕೊಡಿ ಎಂದು ಉಲಾರ್‌ಬೆಕ್ ಜಿಲ್ಲಾ ಕೇಂದ್ರದಿಂದ ಫೋನ್ ಮಾಡಿದ್ದ. ನಮ್ಮ ಕೋಕ್-ಬುಲಾಕ್ ಊರಿನಲ್ಲಿ ಆರು ಮನೆಗಳವರು ಪ್ರವಾಸಿಗರನ್ನು ಇಳಿಸಿಕೊಳ್ಳುತ್ತೇವೆ. ಯಾರು ಯಾರ ಮನೆಗೆ ಎಂದು ಸರದಿ ಹಾಕುವವನು ಅವನು. ಹಾಳೆಯ ಒಂದು ಬದಿಗೆ ದೇಶದ ಪರಿಚಯ, ಇನ್ನೊಂದು ಬದಿಗೆ ಬಂದವರು ವಹಿಸಬೇಕಾದ ಎಚ್ಚರ. ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ತಲೆಗೆ ಬಿತ್ತು.

"ಚಿನಾರ್ ಎಜೆ, ಶುಕ್ರವಾರದೊಳಗೆ ಕೊಟ್ಬಿಡಿ. ಒಂದು ಮಾದರಿ ಕಳ್ಸಿದೀನಿ, ಅದನ್ನ ನೋಡ್ಕೊಂಡು ಬರೀರಿ" ಅಂದ. ತನಗಿಂತ ದೊಡ್ಡ ಹೆಂಗಸರನ್ನೆಲ್ಲ ಅವನು ಎಜೆ ಅನ್ನುವುದು, ಅಕ್ಕ ಅಂದ ಹಾಗೆ.

ಮಾದರಿ ಯಾವುದೋ ದೊಡ್ಡ ನಗರದ್ದು. ಜೇಬುಗಳ್ಳರಿದ್ದಾರೆ, ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ, ಅಪರಿಚಿತರು ಕರೆದರೆ ಮನೆಗೆ ಹೋಗಬೇಡಿ ಎಂದೆಲ್ಲ ಇತ್ತು. ನಮ್ಮೂರಿಗೆ ಬಂದವನು ಅದನ್ನು ಪಾಲಿಸಿದರೆ ಹಸಿದು ಬೀದಿಯಲ್ಲಿ ಮಲಗಬೇಕಾಗುತ್ತದೆ.

ದೇಶದ ಪರಿಚಯ ಸಲೀಸಾಗಿ ಮುಗಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಮ್ಮ ಕಿರ್ಗಿಜ್ ನಾಡು ಸ್ವತಂತ್ರವಾಯಿತು. ರಾಜಧಾನಿ ಬಿಷ್ಕೆಕ್, ಹಣ ಸೋಮ್. ಆಡುವ ಭಾಷೆ ಕಿರ್ಗಿಜ್, ರಷ್ಯನ್ನೂ ನಡೆಯುತ್ತದೆ. ನೆಲದ ಬಹುಪಾಲು ಬೆಟ್ಟ. ಪೊಲೀಸರಿಗೆ 102, ಆಂಬುಲೆನ್ಸಿಗೆ 103. ಆದರೆ ನಮ್ಮ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಸ್ಮಶಾನದ ದಿಬ್ಬ ಹತ್ತಬೇಕು. ಅದನ್ನೂ ಬರೆದೆ. ಉಲಾರ್‌ಬೆಕ್‌ನ ಕರೆ ನನಗೆ ಸಿಕ್ಕಿದ್ದೂ ಆ ದಿಬ್ಬದ ಮೇಲೇ.

ಎಚ್ಚರಿಕೆಯ ಬದಿಯನ್ನು ಅತ್ತೆಗೆ ಓದಿ ಹೇಳುತ್ತಾ ಬರೆದೆ. ಅತ್ತೆಯ ಹೆಸರು ಸಾದತ್, ವಯಸ್ಸು ಎಪ್ಪತ್ತೆಂಟು. ಊರಲ್ಲಿ ಈಗ ಅವರಿಗಿಂತ ಹಿರಿಯರು ಯಾರೂ ಉಳಿದಿಲ್ಲ. ನಾನೂ ಊರವರೂ ಅವರನ್ನು ಕರೆಯುವುದು ಎನೆ, ಅಂದರೆ ತಾಯಿ ಎಂದೇ. ಕಿಟಕಿಯ ಪಕ್ಕ ಕೂತು ಉಣ್ಣೆ ನೂಲುತ್ತಿದ್ದರು.

"ಕುರುಬರ ನಾಯಿ ಮೈಮೇಲೆ ಬಂದರೆ ಓಡಬೇಡಿ, ಕಲ್ಲು ಎತ್ತಿಕೊಳ್ಳುವವರಂತೆ ಬಗ್ಗಿ" ಎಂದು ಓದಿದೆ.

"ಬಗ್ಗಿದ್ರೆ ಸಾಕು, ನಿಜವಾಗ್ಲೂ ಎಸೀಬೇಡಿ ಅಂತ ಸೇರಿಸು. ನಮ್ಮ ನಾಯಿ ಕುಂಟಿದ್ರೆ ಕುರಿ ಯಾರು ಕಾಯ್ತಾರೆ, ಅವರಾ?"

"ಹುಳಿ ಬಂದ ಕುದುರೆ ಹಾಲನ್ನು ಮೊದಲ ದಿನ ಒಂದು ಬಟ್ಟಲಿಗಿಂತ ಹೆಚ್ಚು ಕುಡಿಯಬೇಡಿ."

"ಯಾಕೆ ಅಂತಾನೂ ಬರಿ. ಹೊಟ್ಟೆ ವಿಷಯದಲ್ಲಿ ನಾಚ್ಕೆ ಏನು?"

"ಸಾರಿ-ಸೂ ಹೊಳೆಯನ್ನು ಬೆಳಿಗ್ಗೆ ಎಂಟರೊಳಗೆ ದಾಟಿ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ನೀರು ಏರುತ್ತದೆ."

ಎನೆ ಕದಿರು ನಿಲ್ಲಿಸಿದರು. "ಎಲ್ಲಾ ಸರಿ ಕಣೇ. ಅಸಲು ಅಪಾಯಾನೇ ಬಿಟ್ಬಿಟ್ಟೆ."

"ಯಾವ್ದು ಎನೆ?"

"ನಾವು."

ನಾನು ನಕ್ಕೆ. ಅವರು ನಗಲಿಲ್ಲ. "ಎಂಟರೊಳಗೆ ದಾಟಿ ಅಂತ ಬರ್ದಿದೀಯ. ದಾಟೋಕೆ ಬಿಡೋರ್ಯಾರು?" ಅಂದು ಮತ್ತೆ ನೂಲತೊಡಗಿದರು. ಒಲೆಯ ಮೇಲೆ ಹಾಲಿತ್ತು, ಅತಿಥಿಗಳ ಹಾಸಿಗೆ ಬಟ್ಟೆ ನೆನೆಹಾಕಿದ್ದು ಹಾಗೇ ಇತ್ತು. ಮಾತು ಮುಂದುವರಿಸಲು ನನಗೂ ಪುರಸೊತ್ತಿರಲಿಲ್ಲ.

ಅತ್ತೆಗೆ ಊರಿನಲ್ಲಿ ಇನ್ನೊಂದು ಹೆಸರಿದೆ: ಚಹಾ ಕೊಡದ ಸಾದತ್. ಇಪ್ಪತ್ತೊಂದು ವರ್ಷದ ಹಿಂದೆ ಮದುವೆಯ ದಿನವೇ ನನ್ನ ಚಿಕ್ಕಮ್ಮ ಅದನ್ನು ಕಿವಿಯಲ್ಲಿ ಹೇಳಿ, "ನೀನು ಹಸ್ಕೊಂಡಿರ್ಬೇಕಾಗುತ್ತೇನೋ" ಎಂದು ಕಿಸಕ್ಕನೆ ನಕ್ಕಿದ್ದಳು. ನಾನೇನೂ ಹಸಿದುಕೊಂಡಿರಲಿಲ್ಲ. ಸಂಜೆ ಬಂದವರಿಗೆ ಎನೆ ಹಾಕುವ ಊಟವನ್ನು ಮೀರಿಸುವ ಮನೆ ಈ ಕಣಿವೆಯಲ್ಲಿಲ್ಲ. ಆದರೆ ಬೆಳಿಗ್ಗೆ ಹೊಳೆ ದಾಟಬೇಕಾದವರು ಯಾರೇ ಇರಲಿ, ನೆಂಟರಿರಲಿ, ಅಧಿಕಾರಿ ಇರಲಿ, ನಾಲ್ಕೂವರೆಗೆ ಎಬ್ಬಿಸಿ, ರೊಟ್ಟಿ, ಬೆಣ್ಣೆ, ತಣ್ಣನೆ ಮಾಂಸ ಕಟ್ಟಿದ ಗಂಟು ಕೈಗಿಟ್ಟು, ಬೆನ್ನ ಮೇಲೆ ಕೈಯಿಟ್ಟು ಗೇಟಿನವರೆಗೆ ದಬ್ಬಿಕೊಂಡು ಹೋಗುತ್ತಾರೆ. ಚಹಾ ಇಲ್ಲ, ಕೂರಿ ಎಂಬ ಮಾತಿಲ್ಲ. ನಮ್ಮಲ್ಲಿ ರಾತ್ರಿ ಕುರಿ ಕೊಯ್ದು ಹಾಕಿದ್ದನ್ನು ಜನ ಮರೆಯುತ್ತಾರೆ, ಬೆಳಿಗ್ಗೆ ಚಹಾ ಕೊಡದೆ ಕಳಿಸಿದ್ದನ್ನು ಹತ್ತು ಊರಿಗೆ ಹೇಳುತ್ತಾರೆ. ನನಗೂ ಬಹಳ ವರ್ಷ ಅವಮಾನ ಅನ್ನಿಸುತ್ತಿತ್ತು. ಒಮ್ಮೆ ಕದ್ದು ಒಂದು ಫ್ಲಾಸ್ಕ್ ಚಹಾವನ್ನು ಜೀನಿನ ಚೀಲದಲ್ಲಿ ತುರುಕಿದ್ದೆ. ಎನೆ ನೋಡಿದರು, ತೆಗೆಯಲಿಲ್ಲ. "ಆ ದಡದಲ್ಲಿ ಕುಡೀರಿ. ಈ ದಡದಲ್ಲಿ ಮುಚ್ಚಳ ತೆಗೆದ್ರೆ ನೋಡಿ ಮತ್ತೆ" ಎಂದಷ್ಟೇ ಹೇಳಿದರು. ಕಾರಣ ಕೇಳುವ ಧೈರ್ಯ ನನಗಾಗಿರಲಿಲ್ಲ.

ಆ ಗುರುವಾರ ಇಬ್ಬರು ಪೋಲಿಷ್ ಪ್ರವಾಸಿಗರ ಸರದಿ ಪಕ್ಕದ ಜಮಾಲ್ ಎಜೆಯ ಮನೆಗೆ ಬಿದ್ದಿತ್ತು. ಮಾರೆಕ್, ಹಾನ್ನಾ ಎಂಬ ಗಂಡ ಹೆಂಡತಿ. ಜಮಾಲ್ ಎಜೆ ಈ ವಸಂತದಲ್ಲಷ್ಟೇ ನಮ್ಮ ಗುಂಪಿಗೆ ಸೇರಿದವಳು. ಅವಳ ಮನೆಗೆ ಬಂದ ಮೊಟ್ಟಮೊದಲ ಅತಿಥಿಗಳು ಇವರು. ಮರುದಿನ ಬೆಳಿಗ್ಗೆ ಅವರು ಹೊಳೆಯಾಚೆಯ ಬೇಸಿಗೆ ಹುಲ್ಲುಗಾವಲಿಗೆ ಹೋಗಬೇಕಿತ್ತು. ನನ್ನ ಗಂಡ ತಾಲಾಯ್ ಕುರಿಗಳ ಜೊತೆ ಜೂನ್‌ನಿಂದ ಅಲ್ಲೇ ಇದ್ದ. ಹಾಗಾಗಿ ಅವರನ್ನು ದಾಟಿಸುವ ಕೆಲಸ ನನ್ನ ಮಗಳು ಮೇರಿಮ್‌ಗೆ ಬಂತು. ಹತ್ತೊಂಬತ್ತು ವರ್ಷ. ಅಪ್ಪನ ಕುದುರೆಯ ಹಿಂದೆ ಆ ಹೊಳೆಯನ್ನು ಎಷ್ಟು ಸಲ ದಾಟಿದ್ದಾಳೋ ಲೆಕ್ಕವಿಲ್ಲ. ಮುಂದೆ ನಿಂತು ಬೇರೆಯವರನ್ನು ಕರೆದೊಯ್ಯುವುದು ಇದೇ ಮೊದಲು.

"ಎಂಟರೊಳಗೆ" ಎಂದೆ. "ಕರೀ ಕಲ್ಲು ನೋಡು."

"ಗೊತ್ತು ಅಪಾ. ಬಿಳೀ ಪಟ್ಟಿ ಕಂಡ್ರೆ ದಾಟೋದು, ಕಾಣದಿದ್ರೆ ವಾಪಸ್. ಹುಟ್ಟಿದಾಗಿಂದ ಹೇಳ್ತಿದೀಯ." ಅಮ್ಮನನ್ನು ನಮ್ಮಲ್ಲಿ ಅಪಾ ಅನ್ನುತ್ತಾರೆ.

ಹೊಳೆಯ ನಡುವೆ ಮಲಗಿದ ಕುದುರೆಯ ಗಾತ್ರದ ಕರಿಯ ಬಂಡೆಯೊಂದಿದೆ. ಅದರ ಮೇಲೆ ತಾಲಾಯ್ ಬಳಿದ ಪಟ್ಟಿ ಅದು.

ಬೆಳಿಗ್ಗೆ ಐದೂವರೆಗೆ ಮೇರಿಮ್ ಜೀನು ಬಿಗಿದ ಮೂರು ಕುದುರೆಗಳನ್ನು ಜಮಾಲ್ ಎಜೆಯ ಗೇಟಿಗೆ ಕಟ್ಟಿದಳು. ನಾನು ಹಾಲು ಕರೆದೆ, ಹಾಸಿಗೆ ಬಟ್ಟೆ ಹಿಂಡಿದೆ. ಏಳು ಗಂಟೆಗೆ ಹಗ್ಗದ ಮೇಲೆ ಬಟ್ಟೆ ಹರವುವಾಗ ನೋಡಿದರೆ ಮೂರೂ ಕುದುರೆಗಳು ಅಲ್ಲೇ ಇದ್ದವು. ಏಳೂವರೆಗೂ ಅಲ್ಲೇ. ಎಂಟಾಗುವಷ್ಟರಲ್ಲಿ ನಡುವಿನ ಕುದುರೆ ಹಿಂಗಾಲೊಂದನ್ನು ಸಡಿಲ ಬಿಟ್ಟು ನಿಂತಲ್ಲೇ ನಿದ್ದೆ ಹೋಗಿತ್ತು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ಓಡಿದೆ.

"ಬಾ ಬಾ ಚಿನಾರ್! ಸರಿಯಾದ ಹೊತ್ತಿಗೆ ಬಂದೆ!" ಜಮಾಲ್ ಎಜೆ ಹೂವಿನ ಹೊಸ ರುಮಾಲು ಕಟ್ಟಿಕೊಂಡಿದ್ದಳು. ಮೇಜಿನ ಮೇಲೆ ಬಟ್ಟೆಯೇ ಕಾಣುತ್ತಿರಲಿಲ್ಲ: ರೊಟ್ಟಿಗಳು, ಕರಿದ ಹಿಟ್ಟಿನ ತುಂಡುಗಳ ರಾಶಿ, ಕೆನೆ, ಜರದಾಳಿನ ಜಾಮ್, ಜೇನು. ಅಡಿಗೆಮನೆಯಿಂದ ಕುರಿಮಾಂಸ ಬೇಯುವ ವಾಸನೆ ಬರುತ್ತಿತ್ತು. ಇನ್ನೂ ಬೇಯುತ್ತಿತ್ತು!

ಮೇರಿಮ್ ಮೇಜಿನ ಕೆಳತುದಿಯಲ್ಲಿ ಕೂತು ಚಹಾ ಸುರಿಯುತ್ತಿದ್ದಳು. ಮನೆಯಲ್ಲಿರುವ ಕಿರಿಯ ಹೆಣ್ಣು ಸುರಿಯಬೇಕಲ್ಲ. ಬಟ್ಟಲು ತುಂಬ ಸುರಿದರೆ ಕುಡಿದು ಎದ್ದು ಹೋಗು ಅಂದಂತೆ, ಎರಡು ಗುಟುಕು ಹಾಕಿದರೆ ಇನ್ನೂ ಕೂತಿರು ಅಂದಂತೆ. ಜಮಾಲ್ ಎಜೆ ಪ್ರತಿ ಬಟ್ಟಲಿಗೂ "ಸ್ವಲ್ಪ, ಸ್ವಲ್ಪ" ಎಂದು ಬೆರಳು ತೋರಿಸುತ್ತಿದ್ದಳು.

"ಎಜೆ, ಹೊತ್ತಾಯ್ತು, ಹೊಳೆ..."

"ಹೊಳೆ ಎಲ್ಲಿಗೆ ಹೋಗುತ್ತೆ? ನಮ್ಮಪ್ಪನ ಕಾಲದಿಂದ ಅಲ್ಲೇ ಇದೆ. ಮೊದ್ಲು ರೊಟ್ಟಿ ಮುರಿ ನೀನು."

ರೊಟ್ಟಿ ಕೈಗಿಟ್ಟ ಮೇಲೆ ಬೇಡ ಅನ್ನುವುದನ್ನು ನಮಗೆ ಯಾರೂ ಕಲಿಸಿಲ್ಲ. ಕೂತೆ. ಮೂವರನ್ನು ಎಬ್ಬಿಸಲು ಬಂದವಳು ನಾಲ್ಕನೆಯವಳಾದೆ. ಮಾರೆಕ್ ಎದೆಯ ಮೇಲೆ ಕೈಯಿಟ್ಟು ತನಗೆ ಬರುವ ನಾಲ್ಕು ರಷ್ಯನ್ ಮಾತಿನಲ್ಲಿ ಸಾಕು, ಬಹಳವಾಯಿತು ಅನ್ನುತ್ತಿದ್ದ.

"ಎಷ್ಟು ಸಣಕಲಾಗಿದಾನೆ ನೋಡು, ಹೆಂಡ್ತಿ ಏನೂ ಹಾಕೋದಿಲ್ವಂತಾ? ಕೇಳಿ ಹೇಳು" ಅಂದಳು ಜಮಾಲ್ ಎಜೆ. ನಾನು ಕೇಳಲಿಲ್ಲ.

ಮೇರಿಮ್ ಕಡೆಗೆ ಬಾಗಿ, "ನೀನು ಹೇಳ್ಬಾರ್ದಿತ್ತಾ?" ಎಂದು ಪಿಸುಗುಟ್ಟಿದೆ.

"ಮೂರು ಸಲ ಹೇಳ್ದೆ ಅಪಾ. ಮೂರು ಸಲಾನೂ ನನ್ನ ತಟ್ಟೆಗೇ ಇನ್ನೊಂದು ಹಾಕಿದ್ರು." ಅವಳ ಕಣ್ಣಂಚು ಕೆಂಪಾಗಿತ್ತು. ಒಂದು ಬಟ್ಟಲು ಚಹಾವನ್ನು ಬೇಡ ಅನ್ನಲಾರದ ಹುಡುಗಿ ಇನ್ನೊಂದು ಗಂಟೆಯ ನಂತರ ಹೊಳೆಯ ಮುಂದೆ ನಿಲ್ಲುತ್ತಾಳೆ. ಅಲ್ಲಿ ಅತಿಥಿಗಳು ಹೋಗೋಣ ಅಂದರೆ?

ಎಂಟೂವರೆಗೆ ಬಾಗಿಲು ತೆರೆಯಿತು. ಎನೆ. ಬಿಳಿಯ ರುಮಾಲು, ಕೈಯಲ್ಲಿ ಕೋಲು. ನಾವೆಲ್ಲ ಎದ್ದು ನಿಂತೆವು.

"ಸಾದತ್ ಎನೆ! ಮೇಲೆ ಬನ್ನಿ, ಮೇಲೆ ಬನ್ನಿ!" ಜಮಾಲ್ ಎಜೆ ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ದಿಂಬು ಸರಿಸಿದಳು.

ಎನೆ ರಬ್ಬರ್ ಚಪ್ಪಲಿಯನ್ನೂ ಕಳಚಲಿಲ್ಲ. ಹೊಸ್ತಿಲ ಮೇಲೆ ನಿಂತು ಮೇಜನ್ನು ನೋಡಿದರು, ನೆಲಗಂಬಳಿಯ ನಡುವಿಗೆ ಬಂದಿದ್ದ ಬಿಸಿಲನ್ನು ನೋಡಿದರು. ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಅಂಗೈಗಳನ್ನು ಮುಖದ ಮುಂದೆ ಎತ್ತಿದರು.

"ಈ ಮನೆ ರೊಟ್ಟಿ ತೀರದಿರಲಿ, ಒಲೆ ಆರದಿರಲಿ, ಮಕ್ಕಳು ಮೊಮ್ಮಕ್ಕಳು ತುಂಬಿರಲಿ, ಹೊರಟೋರ ದಾರಿ ತೆರೆದಿರಲಿ. ಓಮಿನ್."

ನಮ್ಮ ಕೈಗಳು ನಮ್ಮನ್ನು ಕೇಳದೆಯೇ ಎದ್ದವು. ನನ್ನದು, ಮೇರಿಮ್‌ದು, ಜಮಾಲ್ ಎಜೆಯದೂ. ಎಲ್ಲರೂ ಓಮಿನ್ ಎಂದು ಮುಖ ಸವರಿಕೊಂಡೆವು. ನಮ್ಮನ್ನು ನೋಡಿ ಅತಿಥಿಗಳೂ ಸವರಿಕೊಂಡರು. ಹಿರಿಯರು ಹರಸಿ ಓಮಿನ್ ಅಂದ ಮೇಲೆ ಊಟ ಮುಗಿಯಿತು. ಆಮೇಲೆ ಒಂದು ಚೂರು ರೊಟ್ಟಿಯನ್ನೂ ಬಾಯಿಗೆ ಹಾಕುವಂತಿಲ್ಲ, ಯಾರೂ ಹಾಕು ಅನ್ನುವಂತೆಯೂ ಇಲ್ಲ. ಊಟ ಮುಗಿದಾಗ ಹೇಳುವ ಮಾತನ್ನು ನಡುವೆಯೇ ಹೇಳಿ ಊಟ ಮುಗಿಸಿದವರನ್ನು ನಾನು ನೋಡಿದ್ದು ಅವತ್ತೇ ಮೊದಲು.

ಜಮಾಲ್ ಎಜೆಗೆ ಏನಾಯಿತೆಂದು ಹೊಳೆದದ್ದು ಕೈ ಕೆಳಗಿಳಿದ ಮೇಲೆ. "ಎನೇ! ಮಾಂಸ ಇನ್ನೂ ಬೇಯ್ತಾ ಇದೆ!"

"ಬೇಯ್ಲಿ."

"ಅತಿಥಿಗಳು ಮಾಂಸ ಮುಟ್ಟದೆ ಹೋದ್ರೆ ಊರು ನನ್ನ ಏನನ್ನುತ್ತೆ?"

"ಜಮಾಲ್ ಚಹಾನಾದ್ರೂ ಕೊಟ್ಳು ಅನ್ನುತ್ತೆ. ನನಗಿಂತ ವಾಸಿ."

"ನಿಮಗೆ ಆ ಹೆಸರು ಅಭ್ಯಾಸ ಆಗಿದೆ! ನನಗೂ ಅಂಟಿಸ್ಬೇಕಾ?" ಅವಳ ದನಿ ಒಡೆಯಿತು. ಆ ಮಾತು ಆಡಬಾರದಿತ್ತು. ಎನೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೇರಿಮ್‌ಗೆ ಬಾಗಿಲು ತೋರಿಸಿದರು, ನನ್ನ ಕಡೆ ತಿರುಗಿ, "ನೀನೂ ನಮ್ಮ ಹಳೇ ಕುದುರೆ ಹತ್ತಿ ಹೋಗು. ಆದ್ರೆ ಬಾಯಿ ಬಿಡ್ಬೇಡ. ಕರ್ಕೊಂಡು ಹೋಗ್ತಿರೋದು ಅವಳು, ಕಲ್ಲು ನೋಡಿ ದಾಟೋದೋ ಬಿಡೋದೋ ಅವಳೇ ಹೇಳ್ಲಿ" ಅಂದರು.

ಹೊಳೆಗೆ ಮುಕ್ಕಾಲು ಗಂಟೆಯ ದಾರಿ. ಕಾಣುವ ಮೊದಲೇ ಕೇಳಿಸಿತು. ಮುಂಜಾನೆ ತಿಳಿಯಾಗಿ ತಳ ತೋರಿಸುವ ನೀರು ಆಗಲೇ ಬೂದಿ ಕದಡಿದಂತಿತ್ತು. ಕರಿಯ ಬಂಡೆಯ ಮೇಲಿನ ಬಿಳಿ ಪಟ್ಟಿ ಒಂದು ಅಲೆಗೆ ಮುಳುಗಿ ಮುಂದಿನದಕ್ಕೆ ಕಾಣುತ್ತಿತ್ತು. ಇದ್ದೂ ಇಲ್ಲದ ಹಾಗೆ. ಪೂರ್ತಿ ಮುಳುಗಿದ್ದರೆ ಸುಲಭವಿತ್ತು.

"ಕುದುರೆಗೆ ಮೊಣಕಾಲಿನಷ್ಟಿರಬಹುದು, ಅಲ್ಲವೇ?" ಎಂದು ಮಾರೆಕ್ ಇಂಗ್ಲಿಷಿನಲ್ಲಿ ಕೇಳಿದ. ಹಾನ್ನಾ ಗಡಿಯಾರ ನೋಡಿಕೊಂಡು, ಇವತ್ತು ದಾಟದಿದ್ದರೆ ಹುಲ್ಲುಗಾವಲಿನಲ್ಲಿ ಉಳಿಯಲು ಒಂದೇ ದಿನ ಸಿಗುತ್ತದೆ ಎಂದಳು. ಒರಟಾಗಿ ಅಲ್ಲ, ಒಳ್ಳೆಯ ಮಾತಿನಲ್ಲೇ. ಒಳ್ಳೆಯ ಮಾತಿಗೇ ನಾವು ಸೋಲುವುದು.

ಮೇರಿಮ್ ನನ್ನನ್ನು ನೋಡಿದಳು. ನಾನು ಕುದುರೆಯ ಕೊರಳ ಕೂದಲನ್ನು ನೋಡಿದೆ. ಬೇಡ ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ಸುಡುತ್ತಿತ್ತು. ಲಗಾಮನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಬರೆ ಬಿದ್ದಿತ್ತು, ಸಂಜೆ ನೋಡಿಕೊಂಡೆ.

ಅವಳು ಕುದುರೆಯಿಂದ ಇಳಿದಳು, ಅವರಿಬ್ಬರನ್ನೂ ಇಳಿಸಿದಳು. ನೀರಿನಂಚಿಗೆ ಕರೆದೊಯ್ದು, "ಸದ್ದು ಕೇಳಿ" ಅಂದಳು. ಮೊದಲು ಬರೀ ಭೋರೆನ್ನುವುದಷ್ಟೇ ಕೇಳಿಸಿತು. ಆಮೇಲೆ ಅದರಡಿಯಿಂದ ಧಡ್ ಎಂದು ಒಂದು, ಬಿಟ್ಟು ಇನ್ನೊಂದು, ಯಾರೋ ನೆಲದಡಿಯಿಂದ ಬಾಗಿಲು ಗುದ್ದುತ್ತಿರುವಂತೆ.

"ಅದು ನೀರಲ್ಲ. ಕಲ್ಲು ಉರುಳ್ತಿರೋದು. ಕುರಿಯಷ್ಟು ದಪ್ಪ ಇರ್ತವೆ. ಕುದುರೆ ಕಾಲಿಗೆ ಬಡಿಯೋದು ಅವೇ."

ಮಾರೆಕ್ ಆಚೆ ದಡವನ್ನು ನೋಡಿದ. "ಬೇಗಬೇಗ ದಾಟಿಬಿಟ್ಟರೆ?" ಎಂದ.

"ಇಲ್ಲ" ಅಂದಳು ಮೇರಿಮ್.

ಎದೆಯ ಮೇಲೆ ಕೈಯಿಡಲಿಲ್ಲ, ನಗಲಿಲ್ಲ, ಕ್ಷಮಿಸಿ ಅನ್ನಲಿಲ್ಲ. ಅತಿಥಿಗೆ ಅಷ್ಟು ಬರಿಯ ಒಂದು ಇಲ್ಲವನ್ನು ನಮ್ಮ ಹುಡುಗಿಯೊಬ್ಬಳ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. ಅವರ ಕುದುರೆಗಳ ಲಗಾಮನ್ನು ತಾನೇ ಹಿಡಿದು ಊರಿನ ಕಡೆಗೆ ತಿರುಗಿಸಿದಳು. ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಪಟ್ಟಿ ಹಾಗಿರಲಿ, ಬಂಡೆಯೇ ಕಾಣಲಿಲ್ಲ. ಅದಿದ್ದ ಕಡೆ ನೀರು ಡುಬ್ಬವೆದ್ದು ಹರಿಯುತ್ತಿತ್ತು.

ಅರ್ಧ ದಾರಿಯಲ್ಲಿ ಅವಳು ತನ್ನ ಕುದುರೆಯನ್ನು ನನ್ನ ಪಕ್ಕಕ್ಕೆ ತಂದಳು. "ಅಪಾ, ತುಂಬಾ ಒರಟಾಗಿ ಹೇಳಿದ್ನಾ?"

"ತುಂಬಾ."

"ಚೋನ್ ಎನೆ ಥರ?" ಅಜ್ಜಿಯನ್ನು ಅವಳು ಕರೆಯುವುದು ಹಾಗೆ, ದೊಡ್ಡ ತಾಯಿ ಎಂದು.

"ಅವರಷ್ಟಿಲ್ಲ. ಇನ್ನೂ ಅಭ್ಯಾಸ ಆಗ್ಬೇಕು."

ಅವಳು ನಕ್ಕಳು. ನಾನು ರುಮಾಲಿನ ತುದಿಯಿಂದ ಮೂಗೊರೆಸಿಕೊಂಡೆ.

ಜಮಾಲ್ ಎಜೆ ನಮ್ಮನ್ನು ದೂರದಿಂದಲೇ ಕಂಡು ಗೇಟಿಗೆ ಓಡಿಬಂದಳು. "ನೋಡಿದ್ರಾ! ಮಾಂಸಾನೇ ಎಳ್ಕೊಂಡು ಬಂತು!" ಗೆದ್ದವಳಂತೆ ಚಪ್ಪಾಳೆ ತಟ್ಟಿದಳು. ಬಂಡೆ ಮುಳುಗಿದ್ದನ್ನು ಮೇರಿಮ್ ಹೇಳಿದಾಗ ಚಪ್ಪಾಳೆಯ ಕೈ ಹಾಗೇ ನಿಂತಿತು. ಆಮೇಲೆ ತಾನೇ ನಮ್ಮ ಮನೆಗೆ ಹೋಗಿ ಎನೆಯನ್ನು ಕೈಹಿಡಿದು ಕರೆತಂದಳು.

ಈ ಸಲ ಎನೆ ಚಪ್ಪಲಿ ಕಳಚಿದರು, ಮೇಲಿನ ಜಾಗದಲ್ಲಿ ಕೂತರು, ಎರಡು ಸಲ ಮಾಂಸ ಹಾಕಿಸಿಕೊಂಡು ಮೂಳೆಯನ್ನು ಚೊಕ್ಕವಾಗಿ ತಿಂದರು. ಕೈಯೊರೆಸಿಕೊಳ್ಳುತ್ತಾ, ಯಾರೂ ಕೇಳದೆ ತಾವಾಗಿಯೇ ಹೇಳಿದರು.

"ಸಾಮೂಹಿಕ ಬೇಸಾಯದ ಕಾಲ. ಜೋಲ್ದೋಷ್ ಅಂತ ದನದ ಡಾಕ್ಟರ ಸಹಾಯಕ, ಚಿಕ್ಕ ಹುಡುಗ, ಬೇರೆ ಊರೋನು. ನಮ್ಮನೇಲಿ ಉಳಿದಿದ್ದ. ಬೆಳಿಗ್ಗೆ ಹೊರಡ್ತೀನಿ ಅಂತ ಮೂರು ಸಲ ಅಂದ. ಮೂರು ಸಲಾನೂ ಎರಡೆರಡು ಗುಟುಕು ಸುರಿದು ಕೂರ್ಸಿದೆ. ಒಳ್ಳೆ ಮನೆಯೋಳು ಅನ್ನಿಸ್ಕೋಬೇಕಿತ್ತಲ್ಲ ನಾನು. ಹತ್ತು ಗಂಟೆಗೆ ಹೋದ. ಕುದುರೆ ಹೊಳೆ ಪಾಲಾಯ್ತು. ಅವನು ಆ ಕರೀ ಕಲ್ಲನ್ನ ತಬ್ಕೊಂಡ. ಅವತ್ತು ಮೋಡ ಇತ್ತು, ಕಲ್ಲು ಪೂರ್ತಿ ಮುಳುಗ್ಲಿಲ್ಲ. ಹಗಲೆಲ್ಲ, ರಾತ್ರಿಯೆಲ್ಲ. ಬೆಳಗಿನ ಜಾವ ನೀರು ಇಳಿದ್ಮೇಲೆ ನಡ್ಕೊಂಡು ಬಂದ. ನಮ್ಮನೆ ಬಾಗಿಲಲ್ಲಿ ನಿಂತು, ಹಲ್ಲು ಕಟಕಟ ಅಂತಿದೆ, ಏನಂದ ಗೊತ್ತಾ? 'ಕ್ಷಮಿಸಿ, ನಿನ್ನೆ ಮೂರನೇ ಬಟ್ಟಲನ್ನ ಅರ್ಧ ಬಿಟ್ಟು ಹೋದೆ' ಅಂದ."

ಜಮಾಲ್ ಎಜೆ ಬಾಯಿಗೆ ಕೈ ಇಟ್ಟುಕೊಂಡಳು.

"ಸಾವಿನ ಬಾಯಿಂದ ಬಂದೋನು ಚಹಾಗೆ ಕ್ಷಮೆ ಕೇಳ್ತಾನೆ. ಮನೆಗೆ ಬಂದೋರಿಗೆ ಬೇಡ ಅನ್ನೋಕೆ ಯಾವತ್ತೂ ಬರಲ್ಲ, ಅದನ್ನ ನಾನೇ ಕಲೀಬೇಕು ಅನ್ಕೊಂಡೆ ಅವತ್ತು."

"ಇದನ್ನ ಮೊದ್ಲೇ ಹೇಳಿದ್ರೆ ಜನ ಆಡ್ಕೋತಿರ್ಲಿಲ್ವಲ್ಲ ಎನೆ" ಎಂದೆ. ಇಪ್ಪತ್ತೊಂದು ವರ್ಷ ಇವರ ಪರವಾಗಿ ನಾಚಿಕೊಂಡಿದ್ದೆನಲ್ಲ.

"ಹೇಳಿದ್ರೆ ಎಲ್ಲರೂ ಪಾಪ ಅಂತ ನನ್ನ ಸಮಾಧಾನ ಮಾಡ್ತಾ ಕೂತ್ಬಿಡೋರು. ಬೈಕೊಂಡು ಹೋಗೋನು ಬೇಗ ಹೋಗ್ತಾನೆ ಕಣೇ."

ಮರುದಿನ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಜೀನು ಬಿಗಿಯಲು ಹೋದೆ. ಜಮಾಲ್ ಎಜೆ ಗೇಟಿನಲ್ಲಿ ನಿಂತು ಗಂಟನ್ನು ಹಾನ್ನಾಳ ಕೈಗೆ ತುರುಕುತ್ತಿದ್ದಳು. "ಹೋಗಿ, ಹೋಗಿ! ಒಳಗೆ ಏನೂ ಇಲ್ಲ! ಚಹಾ ಇಲ್ಲ!" ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒಳಗೆ ಚಹಾದ ಹಂಡೆ, ಸಮೊವಾರ್, ಕುದಿಯುವ ಸದ್ದು ಬೀದಿಗೆ ಕೇಳುತ್ತಿತ್ತು.

"ನಾವು ಏನಾದರೂ ತಪ್ಪು ಮಾಡಿದೆವಾ?" ಎಂದು ಹಾನ್ನಾ ಗಾಬರಿಯಿಂದ ನನ್ನನ್ನು ಕೇಳಿದಳು.

"ಇಲ್ಲಮ್ಮ. ಇದಕ್ಕಿಂತ ದೊಡ್ಡ ಮರ್ಯಾದೆ ನಮ್ಮೂರಲ್ಲಿ ಇಲ್ಲ. ಹೊರಡಿ."

ಗಡುವು ಒಂದು ದಿನ ಮೀರಿತ್ತು. ಆ ದಿನವೇ ಹಾಳೆಯ ಕೊನೆಗೆ ಹೀಗೆ ಸೇರಿಸಿ, ದಿಬ್ಬ ಹತ್ತಿ ಕಳಿಸಿದೆ: ಬೆಳಿಗ್ಗೆ ಹೊಳೆ ದಾಟುವವರು ಉಳಿದ ಮನೆಯಲ್ಲಿ ಚಹಾಕ್ಕೆ ಕೂರಬೇಡಿ. ನಮಗೆ ಬೇಜಾರಾಗುತ್ತದೆ, ಆಗಲಿ ಬಿಡಿ. ನಿಮ್ಮನ್ನು ಬಾಗಿಲಿನಿಂದ ಹೊರಗೆ ದಬ್ಬುವ ಹೆಂಗಸು ಸಿಕ್ಕರೆ ಅವಳ ಮಾತು ಕೇಳಿ.

ದಿಬ್ಬ ಇಳಿಯುವ ಮೊದಲೇ ಉಲಾರ್‌ಬೆಕ್‌ನ ಫೋನ್ ಬಂತು. "ಎಜೆ, ಇದೇನಿದು? ನಾವು ಚಹಾ ಕೊಡೋದಿಲ್ಲ ಅಂತ ನಾವೇ ಅಚ್ಚು ಹಾಕ್ಸೋದಾ? ನಗ್ತಾರೆ ಜನ!"

"ನಗ್ತಾ ದಾಟ್ಲಿ. ಒಂದಕ್ಷರ ತೆಗೆದ್ರೂ ಮುಂದಿನ ಹಾಳೆ ನೀನೇ ಬರ್ಕೋ" ಎಂದು ಇಟ್ಟೆ. ಅವನು ತೆಗೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೀರು ಇಳಿದಿದ್ದಾಗ ಮೇರಿಮ್ ಒಬ್ಬಳೇ ಹೊಳೆ ದಾಟಿ ಮನೆಗೆ ಬಂದಳು. ಅತಿಥಿಗಳು ಅವಳಪ್ಪನ ಜೊತೆ ಕಣಿವೆಯ ಆ ಬದಿಯಿಂದಲೇ ಮುಂದೆ ಹೋಗಿದ್ದರು. ಮಗಳ ಬೂಟು ಒಣಗಿಯೇ ಇತ್ತು. ಬರುತ್ತಲೇ ಎಷ್ಟು ಹೊತ್ತಿಗೆ ದಾಟಿದೆ, ಪಟ್ಟಿ ಎಷ್ಟು ಕಾಣುತ್ತಿತ್ತು ಎಂದೆಲ್ಲ ಹೇಳತೊಡಗಿದಳು. ಎನೆ ಅವಳನ್ನು ಮೇಲಿನ ಜಾಗದಲ್ಲಿ ಕೂರಿಸಿದರು. ಮನೆಯ ಕಿರಿಯವಳು ಅವಳೇ, ಸುರಿಯಬೇಕಾದವಳೂ ಅವಳೇ. ಕೆಟಲಿಗೆ ಕೈ ಚಾಚಿದಳು. ಎನೆ ಆ ಕೈಯನ್ನು ತಟ್ಟಿ ಸರಿಸಿ ತಾವೇ ಬಟ್ಟಲು ಎತ್ತಿಕೊಂಡು ಸುರಿದರು, ತಳ ಮುಚ್ಚುವಷ್ಟು, ಎರಡೇ ಎರಡು ಗುಟುಕು.